ಎಣ್ಣೆ ಇಳಿಯುವ ದಾರಿ

ಉಚ್ಚೆಂಗಪ್ಪನ ಬಾಯಿ ಒಂದು ಸಲ ತೆರೆದರೆ ಮುಚ್ಚುವುದು ಕಷ್ಟ. ಆವತ್ತಂತೂ ಲಾರಿ ಇನ್ನೂ ನಿಂತಿರಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಲು ಶುರು ಮಾಡಿದ್ದ.

“ಏ ಭರಮಾ! ಹೊರಗ ಬಾರಲೇ! ಏನು ತಂದೀನಿ ನೋಡು!”

ಹೊಸಪೇಟೆ ಊರು ಮುಗಿದು, ಕಾಲುವೆಯ ಸೇತುವೆ ದಾಟಿ, ಮರಿಯಮ್ಮನಹಳ್ಳಿ ಕಡೆ ಹೊರಟರೆ ಎಡಗಡೆ ಸಿಗುವುದೇ ಭರಮಣ್ಣನ ಗ್ಯಾರೇಜು. ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೊಂದಿಷ್ಟು ತಗಡು, ಪಕ್ಕದಲ್ಲೊಂದು ಬೇವಿನ ಮರ. ಅಲ್ಲಿ ಮೇಸ್ತ್ರಿಯೂ ಅವನೇ, ಆಳೂ ಅವನೇ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವನ ಕಾಲ ಬುಡಕ್ಕೆ ಉಚ್ಚೆಂಗಪ್ಪ ಒಂದು ಗೋಣಿಚೀಲ ಧೊಪ್ಪೆಂದು ಹಾಕಿದ. ಬಿಚ್ಚಿ ನೋಡಿದರೆ ದೊಡ್ಡ ಬಸವನಹುಳುವಿನ ಹಾಗೆ ಸುರುಳಿ ಸುತ್ತಿಕೊಂಡ ಕಬ್ಬಿಣ. ಟರ್ಬೋ.

“ಗಣಿ ಮಷೀನಿಂದು. ಗುಜರಿಯಾಗ ಸಿಕ್ತು. ಮಸ್ತ್ ಐತಿ, ಕೈಲೆ ತಿರುವಿದ್ರ ಬುಗುರಿ ತಿರುಗಿದಂಗ ತಿರುಗ್ತೈತಿ. ಜಲ್ದಿ ಕುಂದ್ರಸಿ ಕೊಡು. ಹೊಸ ಲಾರಿಗಳೆಲ್ಲ ಘಾಟಿಯಾಗ ನನ್ನ ದಾಟಿ ಹೊಕ್ಕಾವಲೇ. ನಿನ್ನೆ ಯಾವನೋ ಕ್ಲೀನರ್ ನನಗ ಟಾಟಾ ಮಾಡಿ ಹೋದ. ಟಾಟಾ! ನನಗ!”

ಅದು ಎಂಬತ್ತೊಂಬತ್ತನೆಯ ಇಸವಿ. ಸಂಡೂರಿನ ಗುಡ್ಡದಿಂದ ಅದಿರು ತುಂಬಿಕೊಂಡು ಘಾಟಿ ಹತ್ತಿಳಿದು ಹೊಸಪೇಟೆಯ ರೈಲಿಗೆ ಸುರಿಯುವ ಲಾರಿಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಉಚ್ಚೆಂಗಪ್ಪನದು ಹಳೆಯದು. ಅವನೇ ಓನರು, ಅವನೇ ಡ್ರೈವರು. ಆ ಲಾರಿ ಘಾಟಿ ಹತ್ತುವಾಗ ಪಕ್ಕದಲ್ಲಿ ನಡೆದು ಹೋಗುವವರು ಮಾತಾಡಿಸಿಕೊಂಡು ಹೋಗಬಹುದಿತ್ತು, ಅಷ್ಟು ನಿಧಾನ.

ಭರಮಣ್ಣನಿಗೆ ಟರ್ಬೋ ಕೂರಿಸುವುದು ಗೊತ್ತಿಲ್ಲದ ಕೆಲಸವೇನಲ್ಲ. ಎಂಜಿನ್ನು ಉಗುಳುವ ಹೊಗೆಯ ಒತ್ತಡಕ್ಕೆ ಅದರೊಳಗಿನ ಫ್ಯಾನು ತಿರುಗುತ್ತದೆ, ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಲಾರಿಗೆ ಕಸುವು ಬರುತ್ತದೆ. ಆ ವೇಗಕ್ಕೆ ಫ್ಯಾನು ಸುಟ್ಟುಹೋಗದಿರಬೇಕಾದರೆ ಎಣ್ಣೆ ಹರಿಯುತ್ತಲೇ ಇರಬೇಕು. ಎಣ್ಣೆ ಬರುವುದಕ್ಕೆ ತೊಂದರೆಯಿಲ್ಲ, ಸಣ್ಣ ಪೈಪಿನಲ್ಲಿ ಪಂಪೇ ದಬ್ಬಿ ಕಳಿಸುತ್ತದೆ. ತೊಂದರೆಯಿರುವುದು ವಾಪಸು ಹೋಗುವುದರಲ್ಲಿ. ಫ್ಯಾನು ಸುತ್ತಿ ಬಂದ ಎಣ್ಣೆಯನ್ನು ಯಾರೂ ದಬ್ಬುವುದಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದಕ್ಕೆ ದಪ್ಪ ಪೈಪು ಬೇಕು, ನೆಟ್ಟಗೆ ಕೆಳಮುಖವಾಗಿ ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಗೆ, ಮೇಸ್ತ್ರಿಗಳು ಚೇಂಬರ್ ಅನ್ನುವುದಕ್ಕೆ, ಬಂದು ಸೇರಬೇಕು. ಎಲ್ಲಾದರೂ ಏರು ಸಿಕ್ಕಿತೋ, ಎಣ್ಣೆ ಹಿಂದಕ್ಕೆ ತುಂಬಿಕೊಂಡು ಫ್ಯಾನಿನ ಸಂದಿಯಿಂದ ಸೋರಿ ಎಂಜಿನ್ನಿನ ಬಾಯಿಗೇ ಬೀಳುತ್ತದೆ.

ಅಂದರೆ ಚೇಂಬರಿನ ಮಗ್ಗುಲಿಗೆ ಒಂದು ತೂತು ಹೊಡೆಯಬೇಕು. ಭರಮಣ್ಣ ಅಲ್ಲಿಗೇ ಹಿಂಜರಿದ. ಯಾಕೆಂದರೆ ಅವನ ಹೆಂಡತಿ ತಾಯಕ್ಕ ಬಸುರಿ.

ನಗಬೇಡಿ. ಹೆಂಡತಿ ಬಸುರಿದ್ದಾಗ ಗಂಡ ತೂತು ಕೊರೆಯಬಾರದು, ಕಾಯಿ ಒಡೆಯಬಾರದು ಅನ್ನುವ ಮಾತು ಆ ಕಡೆಯ ಮನೆಮನೆಯಲ್ಲೂ ಇತ್ತು. ಭರಮಣ್ಣ ಮೊದಲು ಅದಕ್ಕೆಲ್ಲ ನಕ್ಕವನೇ. ಮದುವೆಯಾದ ಮರುವರ್ಷ ತಾಯಕ್ಕನಿಗೆ ಐದು ತಿಂಗಳು ತುಂಬಿದ್ದಾಗ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ದಿನವಿಡೀ ಕಬ್ಬಿಣದ ತೊಲೆಗಳಿಗೆ ತೂತು ಹೊಡೆದು ಸಂಜೆ ಮನೆಗೆ ಹೋದ. ಕೂಸು ಹೋಗಿತ್ತು. ಅಂಗಳದಲ್ಲಿ ಬಳಗವೆಲ್ಲ ಕುಳಿತಿತ್ತು. ಅವನ ತಾಯಿ ಹೊಳೆಮ್ಮ ಎಲ್ಲರೆದುರಿಗೆ ಎದ್ದು ನಿಂತು ಅವನ ಮುಖಕ್ಕೇ ಒದರಿದಳು.

“ನಿನ್ನ ಬೈರಿಗಿ ನನ್ನ ಮೊಮ್ಮಗನ್ನ ತಿಂತಲ್ಲೋ ಪಾಪಿ!”

ಎರಡನೆಯ ಸಲ ತಾಯಕ್ಕ ಬಸುರಿ ಅನ್ನುವುದು ತಿಳಿಯುವ ಮೊದಲೇ ಅವನು ಎಷ್ಟೋ ತೂತು ಹೊಡೆದಾಗಿತ್ತು. ಅದೂ ಉಳಿಯಲಿಲ್ಲ. ಆಮೇಲೆ ಯಾರೂ ಒದರಬೇಕಾಗಲಿಲ್ಲ, ಅವನೇ ತನ್ನ ಕೈಗಳನ್ನು ನೋಡಿಕೊಂಡು ಸುಮ್ಮನಾದ. ಈ ಸಲ ತಾಯಕ್ಕ ಕಿವಿಯಲ್ಲಿ ಹೇಳಿದ ದಿನವೇ ಕೈ ಡ್ರಿಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಗಡಿನ ಸಂದಿಗೆ ಸಿಕ್ಕಿಸಿದ. ಮಾಡಬಾರದು, ಮಾಡಿಸಬಾರದು, ನಿಂತು ನೋಡಲೂಬಾರದು ಅಂದಿದ್ದಳು ಹೊಳೆಮ್ಮ. ತೂತಿನ ಕೆಲಸ ತಂದವರನ್ನೆಲ್ಲ ಏನಾದರೊಂದು ನೆಪ ಹೇಳಿ ಸಾಗಹಾಕುತ್ತ ಬಂದಿದ್ದ.

ಉಚ್ಚೆಂಗಪ್ಪನನ್ನು ಸಾಗಹಾಕುವುದು ಹೇಗೆ? ಎರಡನೆಯ ಸಲ ತಾಯಕ್ಕನಿಗೆ ರಕ್ತ ನಿಲ್ಲದಿದ್ದಾಗ ತುಂಬಿದ ಲಾರಿಯ ಅದಿರನ್ನು ರಸ್ತೆಯ ಬದಿಗೇ ಸುರಿದು ಆಸ್ಪತ್ರೆಗೆ ಓಡಿಸಿದವನು ಅವನು. ಹೆಂಡತಿ ಉಳಿದದ್ದು ಅವನಿಂದ. ಹಾಗಾದರೆ ನಿಜವನ್ನೇ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಅಯ್ಯೋ, ಎರಡು ಕಳೆದುಕೊಂಡ ಮನೆಯವರು ಮೂರನೆಯದನ್ನು ಸುಲಭಕ್ಕೆ ಬಾಯಿಬಿಟ್ಟು ಹೇಳುತ್ತಾರೆಯೇ? ಯಾರ ಕಣ್ಣು ಹೇಗೋ! ಉಚ್ಚೆಂಗಪ್ಪನಿಗೆ ಹೇಳುವುದೂ ಒಂದೇ, ಸಂಡೂರಿನಿಂದ ಕಂಪ್ಲಿಯವರೆಗೆ ಇರುವ ಚಾದಂಗಡಿಗಳಲ್ಲೆಲ್ಲ ಡಂಗುರ ಹೊಡೆಸುವುದೂ ಒಂದೇ.

“ಲಾರಿ ಇಲ್ಲೇ ಇರಲಿ, ಎರಡು ದಿನ ಬಿಟ್ಟು ಬಾ,” ಅಂದ ಭರಮಣ್ಣ.

ಆ ಎರಡು ದಿನ ಅವನು ಲಾರಿಯ ಸುತ್ತ ತಿರುಗಿದ. ಹೊಸ ತೂತು ಹೊಡೆಯದೆ, ಇದ್ದ ತೂತಿನಲ್ಲೇ ಪೈಪು ಸೇರಿಸಲು ಬರುತ್ತದೆಯೇ ಅಂತ ಹುಡುಕಿದ. ಸಿಕ್ಕಿತು. ಎಂಜಿನ್ನು ಉಸಿರು ಬಿಡಲಿ ಅಂತ ಕಂಪನಿಯವರೇ ಮುಂಭಾಗದ ಮಗ್ಗುಲಲ್ಲಿ ಬಿಟ್ಟ ಒಂದು ತೂತು. ಟರ್ಬೋ ಕೂರುವುದು ಎಂಜಿನ್ನಿನ ಹಿಂಭಾಗದಲ್ಲಿ. ಅಲ್ಲಿಂದ ಮುಂದಿನ ತೂತಿಗೆ ಉದ್ದಕ್ಕೆ ಪೈಪು ಎಳೆದರೆ ನಾಲ್ಕು ಬೆರಳಿನಷ್ಟು ಇಳಿಜಾರು ಸಿಗುತ್ತಿತ್ತು. ಸಾಲದು. ಸಾಲದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಕಂಪ್ಲಿ ಕಾಲುವೆಯಲ್ಲಿ ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿಯಾಗಿದ್ದವನು. ನೀರು ಎತ್ತ ಇಳಿಯುತ್ತದೆ, ಎತ್ತ ನಿಲ್ಲುತ್ತದೆ ಅನ್ನುವುದನ್ನು ಅಪ್ಪನ ಹೆಗಲ ಮೇಲೆ ಕೂತೇ ಕಲಿತ ಮಗ. ಆದರೂ ಭಯ ಅನ್ನುವುದು ಗೊತ್ತಿದ್ದವನನ್ನೂ ಗೊತ್ತಿಲ್ಲದವನ ಹಾಗೆ ಮಾಡಿಸುತ್ತದೆ. ಇಳಿಜಾರು ಇದೆಯಲ್ಲ, ಇಳಿಯುತ್ತದೆ ಬಿಡು ಅಂತ ತನಗೆ ತಾನೇ ಹೇಳಿಕೊಂಡು ಪೈಪು ಬಿಗಿದುಬಿಟ್ಟ.

ಮರಿಯಮ್ಮನಹಳ್ಳಿಯವರೆಗೆ ಓಡಿಸಿ ನೋಡಿದರು. ಸಪಾಟು ರಸ್ತೆ. ಲಾರಿ ಹೋರಿಯ ಹಾಗೆ ನುಗ್ಗಿತು. ಉಚ್ಚೆಂಗಪ್ಪ ಸ್ಟಿಯರಿಂಗ್ ಬಿಟ್ಟು ಚಪ್ಪಾಳೆ ತಟ್ಟುವುದೊಂದು ಬಾಕಿ.

“ಭರಮಾ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕಲೇ!”

ಭರಮಣ್ಣ ನಕ್ಕ. ಲಾರಿ ನಿಂತ ಕೂಡಲೇ ಇಳಿದು ಆ ಪೈಪಿನ ಕಡೆ ಬಗ್ಗಿ ನೋಡಿದ.

ಮೂರನೆಯ ದಿನ ಉಚ್ಚೆಂಗಪ್ಪ ಬಂದು, “ಘಾಟಿ ಹತ್ತುವಾಗ ನೀಲಿ ಹೊಗಿ ಬರಾಕತ್ತೈತಿ, ಎಣ್ಣಿನೂ ಕುಡಿತೈತಿ, ಯಾಕಲೇ?” ಅಂದ.

ಯಾಕೆ ಅನ್ನುವುದು ಭರಮಣ್ಣನಿಗೆ ಆ ಕ್ಷಣವೇ ಹೊಳೆಯಿತು. ಘಾಟಿಯಲ್ಲಿ ಲಾರಿಯ ಮೂತಿ ಮೇಲಕ್ಕೆ ಏಳುತ್ತದೆ. ಮೂತಿ ಎದ್ದರೆ ಮುಂದಿನ ತೂತೂ ಮೇಲಕ್ಕೆ ಏಳುತ್ತದೆ. ಸಪಾಟಿನಲ್ಲಿ ಇಳಿಜಾರಾಗಿದ್ದ ಪೈಪು ಅಲ್ಲಿ ಏರಾಗುತ್ತದೆ. ಎಣ್ಣೆ ಏರು ಹತ್ತುತ್ತದೆಯೇ? ಹೇಳಬೇಕಿತ್ತು. ಆಗಲೇ, ಅಲ್ಲೇ ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆಯೇ.

“ಹಳೇ ಮಾಲು ಅಲ್ಲೇನು, ಸೀಲು ಕುಂದ್ರಬೇಕು. ಇನ್ನ ನಾಕ್ ಟ್ರಿಪ್ ಹೊಡಿ, ಸರಿ ಹೊಕ್ಕೈತಿ.”

“ಹಂಗಂತಿಯಾ? ಆತು ಬಿಡು.”

ಅಷ್ಟೇ. ಇನ್ನೊಂದು ಪ್ರಶ್ನೆಯಿಲ್ಲ. ಭರಮಣ್ಣ ಹೇಳಿದ ಮೇಲೆ ಮುಗಿಯಿತು ಅನ್ನುವ ಮನುಷ್ಯ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭರಮಣ್ಣನಿಗೆ.

ಮತ್ತೊಂದು ವಾರಕ್ಕೆ ಆ ಲಾರಿ ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಬಂತು. ಉಚ್ಚೆಂಗಪ್ಪನ ಬಲಗೈಗೆ ಮೊಣಕೈವರೆಗೆ ಪಟ್ಟಿ ಸುತ್ತಿತ್ತು. ಘಾಟಿಯ ನಡುವೆ ರೇಡಿಯೇಟರ್ ಕಾಯ್ದಿತೆಂದು ನಿಲ್ಲಿಸಿದ್ದಾನೆ. ಎಂಜಿನ್ ಬಂದ್ ಮಾಡಲು ಹೋದರೆ ಬಂದ್ ಆಗುತ್ತಿಲ್ಲ. ಡೀಸೆಲ್ ನಿಲ್ಲಿಸಿದರೂ ನಿಲ್ಲುತ್ತಿಲ್ಲ. ಸೋರಿದ ಎಣ್ಣೆಯನ್ನೇ ಕುಡಿದುಕೊಂಡು, ಯಾರೂ ಆಕ್ಸಿಲರೇಟರ್ ಒತ್ತದೆ ತನ್ನಷ್ಟಕ್ಕೆ ವೇಗ ಏರಿಸುತ್ತ ಏರಿಸುತ್ತ ಹುಚ್ಚು ಹಿಡಿದ ಹಾಗೆ ಅರಚಿಕೊಂಡಿದೆ. ಗುಡ್ಡವೆಲ್ಲ ಬಿಳಿ ಹೊಗೆ. ಹಿಂದೆ ಲಾರಿಯ ತುಂಬ ಅದಿರು, ಪಕ್ಕದಲ್ಲಿ ಕಮರಿ. ಈ ಪುಣ್ಯಾತ್ಮ ಗಾಲಿಗೆ ಕಲ್ಲು ಕೊಟ್ಟು, ಗಾಳಿ ಎಳೆಯುವ ಪೈಪು ಕಿತ್ತು, ಅದರ ಬಾಯಿಗೆ ತನ್ನ ಟವೆಲ್ಲು ಗೋಣಿಚೀಲ ಎಲ್ಲ ತುರುಕಿ ಉಸಿರು ಕಟ್ಟಿಸಿ ನಿಲ್ಲಿಸಿದ್ದಾನೆ. ಸೈಲೆನ್ಸರಿಗೆ ತಗುಲಿ ಕೈ ಸುಟ್ಟಿದೆ.

“ನಾನು ಸತ್ತೇ ಹೋದೆ ಅಂದ್ಕೊಂಡಿದ್ನಿ,” ಅಂದ ಉಚ್ಚೆಂಗಪ್ಪ. “ಮಕ್ಕಳ ಮಾರಿ ಕಣ್ಮುಂದ ಬಂತು. ಈ ಟರ್ಬೋನ ದರಿದ್ರದ್ದು, ನಿನ್ನ ಕೆಲಸ ತಪ್ಪಿರಾಕಿಲ್ಲ. ಇನ್ನೊಂದ್ಸಲ ಬಿಚ್ಚಿ ಸರಿ ಮಾಡು. ನಾಳೆ ಮುಂಜಾನಿ ಬರ್ತೀನಿ.”

ನಿನ್ನ ಕೆಲಸ ತಪ್ಪಿರಾಕಿಲ್ಲ. ಆ ಮಾತು ಹೊತ್ತುಕೊಂಡೇ ಭರಮಣ್ಣ ಕಾಲುವೆಯ ಏರಿಯ ಮೇಲೆ ಮನೆಗೆ ನಡೆದ. ಹೊಳೆಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಾಯಕ್ಕ ತಟ್ಟೆ ಇಟ್ಟಳು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಏನಾಯಿತು ಅಂತ ತಾಯಕ್ಕ ಒಂದು ಸಲ ಕೇಳಿದ್ದೇ ತಡ, ಇದ್ದದ್ದನ್ನೆಲ್ಲ ಹೇಳಿಬಿಟ್ಟ.

ತಾಯಕ್ಕ ಮೆತ್ತಗಿನ ಹೆಂಗಸು. ಆವತ್ತು ಮೆತ್ತಗಿರಲಿಲ್ಲ.

“ನನ್ನ ಹೊಟ್ಟ್ಯಾಗಿನ ಕೂಸಿನ ಸಲುವಾಗಿ ಆ ಮನಿ ಮಕ್ಳು ಅಪ್ಪ ಇಲ್ದಂಗ ಆಗಬೇಕೇನ್ರಿ? ಆ ಅಣ್ಣ ಇಲ್ದಿದ್ರ ನಾನೆಲ್ಲಿರ್ತಿದ್ನಿ? ನಾಳೆ ಆ ತೂತು ಹೊಡೀರಿ. ಹೊಡದ ಮನಿಗೆ ಬರ್ರಿ.”

“ನನ್ನ ಕೈಲಾಗಂಗಿಲ್ಲ ತಾಯಕ್ಕ. ಕೈ ಎತ್ತಿದ್ರ ಆ ಎರಡೂ ಕಣ್ಮುಂದ ಬರ್ತಾವ. ಮತ್ತ ನಿನಗ ಏನಾರ ಆದ್ರ ನಾನು ಬದುಕಾಕಿಲ್ಲ.”

ತಾಯಕ್ಕ ಅತ್ತೆಯ ಕಡೆ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಹೊಳೆಮ್ಮ ಅದನ್ನು ತಿರುವಿ ಹಾಕುವುದನ್ನೂ ಮರೆತು ಕೂತಿದ್ದಳು.

ಬೆಳಗ್ಗೆ ಗ್ಯಾರೇಜಿಗೆ ಹೋದ ಭರಮಣ್ಣ, ಉಚ್ಚೆಂಗಪ್ಪ ಬಂದ ಕೂಡಲೇ ಕೂರಿಸಿಕೊಂಡು ಎಲ್ಲ ಹೇಳಿದ. ಬಸುರಿಯ ವಿಷಯ, ಪೈಪಿನ ವಿಷಯ, ಸೀಲು ಕೂರಬೇಕು ಅಂತ ಸುಳ್ಳು ಹೇಳಿದ್ದು. ಉಚ್ಚೆಂಗಪ್ಪ ಬಾಯಿ ತೆರೆದವನು ಹಾಗೇ ಕೂತ. ಅವನಿಗೆ ಮಾತು ಹೊರಡದ್ದನ್ನು ಭರಮಣ್ಣ ಅಲ್ಲಿಯವರೆಗೆ ಕಂಡಿರಲಿಲ್ಲ.

“ಪೈಪು ತಪ್ಪಾಗೈತಿ, ಘಾಟಿ ಹತ್ತಬ್ಯಾಡ ಅಂತ ಒಂದ್ ಮಾತು ಅಂದಿದ್ರ ಸಾಕಾಗಿತ್ತಲ್ಲೋ,” ಅಂದ ಕೊನೆಗೆ. “ಯಾಕ ಅಂತಾನೂ ಕೇಳ್ತಿದ್ದಿಲ್ಲ ನಾನು.”

“ತಪ್ಪಾತು. ಬ್ಯಾರೆ ಮೇಸ್ತ್ರಿ ಕಡೆ ಒಯ್ಯಿ ಇದನ್ನ. ನನ್ನ ಕೈಲಿ ಆಗಂಗಿಲ್ಲ.”

“ಯಾಕ ಆಗಂಗಿಲ್ಲ?” ಅನ್ನುವ ದನಿ ಬೇವಿನ ಮರದ ಕಡೆಯಿಂದ ಬಂತು. ಹೊಳೆಮ್ಮ ನಿಂತಿದ್ದಳು. ಗ್ಯಾರೇಜು ಕಟ್ಟಿದಾಗಿನಿಂದ ಆಕೆ ಒಂದು ದಿನವೂ ಆ ಕಡೆ ಬಂದವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. “ಆ ಬೈರಿಗಿ ಎಲ್ಲಿಟ್ಟಿ? ಕೊಡು ಇಲ್ಲಿ. ಎಲ್ಲಿ ಹೊಡೀಬೇಕು ತೋರ್ಸು, ನಾನ ಹೊಡೀತೀನಿ.”

“ಅವ್ವಾ, ತಲಿ ಕೆಟ್ಟೈತೇನು ನಿನಗ? ನೀನ ಅಲ್ಲೇನು ಬ್ಯಾಡಂದಾಕಿ?”

“ಹೂಂ, ನಾನ.”

“ನನ್ನ ಬೈರಿಗಿ ಮೊಮ್ಮಗನ್ನ ತಿಂತು ಅಂದಾಕಿ ಯಾರು?”

“ನಾನ ಅಂದೆ. ಕುಂದ್ರು, ಹೇಳ್ತೀನಿ.” ಹೊಳೆಮ್ಮ ಲಾರಿಯ ಗಾಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಕ್ಕರಿಸಿದಳು. “ಆವತ್ತು ತಾಯಕ್ಕ ಒಳಗ ಚಾಪಿ ಮ್ಯಾಲೆ ಬಿದ್ದಿದ್ಲು. ನೀನಿನ್ನೂ ಬಂದಿದ್ದಿಲ್ಲ. ಅಂಗಳದಾಗ ನಿಮ್ಮ ದೊಡ್ಡಪ್ಪ, ನಿಮ್ಮತ್ತಿ ಎಲ್ಲ ಕುಂತು ಏನು ಮಾತಾಡಕತ್ತಿದ್ರು ಗೊತ್ತೈತೇನು? ಆಕಿ ಹೊಟ್ಟಿ ಸರಿ ಇಲ್ಲ, ಆಕಿ ಕಾಲ್ಗುಣ ಸರಿ ಇಲ್ಲ, ತವರಿಗೆ ಕಳಿಸಿ ಹುಡುಗಗ ಇನ್ನೊಂದು ಮಾಡೂಣು ಅಂತ. ಹುಡುಗಿ ಯಾರು ಅಂತಾನೂ ತಗದಿದ್ರು. ಆಕಿಗೆ ಎಲ್ಲಾ ಕೇಳಸಾಕತ್ತಿತ್ತು. ಅಷ್ಟ್ರಾಗ ನೀನು ಬಂದಿ. ನಿನ್ನ ಕೈಗೆಲ್ಲ ಕಬ್ಬಿಣದ ಪುಡಿ ಹತ್ತಿತ್ತು. ನನ್ನ ಕಣ್ಣಿಗೆ ಅದ ಬಿತ್ತು. ಒದರಿಬಿಟ್ನಿ.”

ಭರಮಣ್ಣ ತನ್ನ ಅಂಗೈ ತಿರುವಿ ನೋಡಿಕೊಂಡ.

“ಯಾರ ಮ್ಯಾಲಾದ್ರೂ ಹಾಕಲೇಬೇಕಿತ್ತಪ್ಪ, ಹಾಕದಿದ್ರ ಅವರು ಎದ್ದು ಹೋಗ್ತಿದ್ದಿಲ್ಲ. ಆಕಿ ಮ್ಯಾಲೆ ಬಿದ್ರ ಆಕಿ ಮನಿ ಬಿಡಬೇಕಾಗ್ತಿತ್ತು. ನಿನ್ನ ಮ್ಯಾಲೆ ಹಾಕಿದ್ರ ನೀನು ಎಲ್ಲಿಗೆ ಹೊಕ್ಕೀ? ನನ್ನ ಮಗ, ತಡಕೊಂತಾನ ಅಂದ್ಕೊಂಡ್ನಿ. ಆಮ್ಯಾಲೆ ಎರಡನೇದೂ ಹೋತು. ಅವಾಗೂ ಯಾರೂ ತಾಯಕ್ಕಗ ಒಂದು ಮಾತು ಅನ್ನಲಿಲ್ಲ, ಎಲ್ಲಾರೂ ನಿನಗ ಅಂದ್ರು. ನೀನು ಇಷ್ಟು ಒಳಗ ತಗೊಂಡಿ ಅಂತ ನನಗ ನಿನ್ನೆ ಗೊತ್ತಾತು.”

“ಹಂಗಾದ್ರ ತೂತಿಂದ ಅಲ್ಲೇನವ್ವಾ?”

“ಊರಾಗ ಬಡಗೇರು ಇಲ್ಲೇನು, ಕಮ್ಮಾರು ಇಲ್ಲೇನು? ಅವರ ಮಕ್ಳು ಬೀದಿ ತುಂಬ ಆಡಂಗಿಲ್ಲೇನು?”

“ಮತ್ತ ಅವು ಯಾಕ ಹೋದ್ವು?”

ಹೊಳೆಮ್ಮ ಅವನ ಕೈ ಹಿಡಿದುಕೊಂಡಳು.

“ಗೊತ್ತಿಲ್ಲಪ್ಪ,” ಅಂದಳು. “ಡಾಕ್ಟರಮ್ಮಗೂ ಗೊತ್ತಾಗಲಿಲ್ಲ. ಹೋದ್ವು.”

ಭರಮಣ್ಣನಿಗೆ ಅಳು ಒತ್ತಿಕೊಂಡು ಬಂತು. ಗ್ಯಾರೇಜಿನ ನಡುವೆ, ಸ್ನೇಹಿತನ ಎದುರಿಗೆ, ತಾಯಿಯ ಮಡಿಲಿಗೆ ತಲೆ ಹಾಕಿ ದನಿ ತೆಗೆದು ಅತ್ತ. ಇಷ್ಟು ದಿನ ಅವನು ತನ್ನ ತಪ್ಪಿಗಾಗಿ ಅತ್ತಿದ್ದ, ಆ ಎರಡು ಕೂಸುಗಳಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಹೊಳೆಮ್ಮ ಅವನ ಬೆನ್ನ ಮೇಲೆ ಕೈಯಾಡಿಸುತ್ತ ಅಳಪ್ಪ, ಅಳು ಅನ್ನುತ್ತಿದ್ದಳು. ಉಚ್ಚೆಂಗಪ್ಪ ಆ ಕಡೆ ತಿರುಗಿ ಪಟ್ಟಿ ಕಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡ.

ಆಮೇಲೆ ಭರಮಣ್ಣ ಎದ್ದು ಮುಖ ತೊಳೆದುಕೊಂಡ. ಚೇಂಬರಿನ ಎಣ್ಣೆ ಬಸಿದ. ತಗಡಿನ ಸಂದಿಯಿಂದ ಡ್ರಿಲ್ಲು ತೆಗೆದು ಸುತ್ತಿದ ಬಟ್ಟೆ ಬಿಚ್ಚಿದ. ಪುಡಿ ಒಳಗೆ ಬೀಳದೆ ಅಂಟಿಕೊಳ್ಳಲಿ ಅಂತ ಅದರ ಮೂತಿಗೆ ಗ್ರೀಸು ಮೆತ್ತಿ, ಗೋಣಿಚೀಲ ಹಾಸಿ ಲಾರಿಯ ಕೆಳಗೆ ಅಂಗಾತ ಮಲಗಿದ. ಎಣ್ಣೆಯ ಮಟ್ಟಕ್ಕಿಂತ ಮೇಲೆ, ಟರ್ಬೋಗೆ ನೆಟ್ಟಗೆ ಕೆಳಗೆ, ಸೀಮೆಸುಣ್ಣದಲ್ಲಿ ಗುರುತು ಮಾಡಿದ. ಡ್ರಿಲ್ಲು ಇಟ್ಟ. ಗುರುತಿನ ಮೇಲೆ ಡ್ರಿಲ್ಲು ನಿಲ್ಲಲೇ ಇಲ್ಲ, ಜಾರಿತು, ಮತ್ತೆ ಇಟ್ಟ, ಮತ್ತೆ ಜಾರಿತು.

“ನಾನು ಹೊಡೀಲೇನು?” ಅಂದಳು ಹೊರಗಿನಿಂದ ಹೊಳೆಮ್ಮ.

“ಬ್ಯಾಡವ್ವ.”

ಆಕೆ ಕೇಳಲಿಲ್ಲ. ಮಂಡಿಯೂರಿ, ತಲೆ ತಗ್ಗಿಸಿ, ಹೊಸ್ತಿಲು ದಾಟುವವಳ ಹಾಗೆ ಲಾರಿಯ ಕೆಳಗೆ ತೂರಿ ಬಂದು ಅವನ ಮಗ್ಗುಲಲ್ಲಿ ಮಲಗಿದಳು. ಎರಡೂ ಕೈಯಿಂದ ಡ್ರಿಲ್ಲಿನ ಬುಡ ಹಿಡಿದು ಗುರುತಿನ ಮೇಲೆ ಒತ್ತಿದಳು. ಈಗ ಜಾರಲಿಲ್ಲ.

“ತಿರುವು,” ಅಂದಳು.

ತಿರುವಿದ. ಕಬ್ಬಿಣ ಕಿರುಗುಟ್ಟಿತು. ಆ ಸದ್ದಿಗೆ ಅವನ ಕೈ ಒಂದು ಕ್ಷಣ ನಿಂತಿತು.

“ಏನಾದ್ರೂ ಆದ್ರ?” ಅಂದ.

“ಆದ್ರ ಮೂವರೂ ಕೂಡಿ ಅಳೂಣಪ್ಪ. ಯಾರ ಮ್ಯಾಲೂ ಹಾಕೂದು ಬ್ಯಾಡ.”

ಭರಮಣ್ಣ ಹಿಡಿಯನ್ನು ಗಟ್ಟಿಯಾಗಿ ಹಿಡಿದು ತಿರುಗಿಸುತ್ತ ಹೋದ. ಗ್ರೀಸು ಮೆತ್ತಿದ ಪುಡಿ ಇಬ್ಬರ ಮುಖದ ಮೇಲೂ ಬೀಳುತ್ತಿತ್ತು.